ದೈತ್ಯ ಸೂಲಗಿತ್ತಿಯಾದ ಅಡಿವೆಪ್ಪ

ಒಂದೂರು. ಊರಿಗೊಂದು ಕುಂಬಾರ ಓಣಿ, ಓಣಿಗೊಬ್ಬಳು ನೀಲವ್ವ, ನೀಲವ್ವನಿಗೊಬ್ಬ ಮಗ. ಹೆಸರು ಅಡಿವೆಪ್ಪ. ಊರು ಕರೆಯುತ್ತಿದ್ದದ್ದು ಪೆದ್ದ ಅಡಿವ್ಯಾ ಅಂತ. ಕರೆಯಲಿ ಬಿಡಿ. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವ ಮುಚ್ಚಳ ಯಾವ ಕುಂಬಾರನೂ ಮಾಡಿಲ್ಲ.

ಅವನು ಹೇಳಿದ ಮಾತು ಕೇಳದವನಲ್ಲ. ಕೇಳುತ್ತಿದ್ದ, ಹೇಳಿದಷ್ಟೂ ಕೇಳುತ್ತಿದ್ದ. ತಾಪತ್ರಯ ಇದ್ದದ್ದೇ ಅಲ್ಲಿ.

"ಗಿರಾಕಿ ಬಂದ್ರ ಗಡಿಗಿ ಬಡದು ತೋರಸಪಾ, ಸಪ್ಪಳ ಕೇಳಿ ತಗೋತಾರ" ಅಂದಳು ನೀಲವ್ವ. ಗಿರಾಕಿ ಬಂದ. ಅಡಿವೆಪ್ಪ ಒನಕೆ ತಂದ. ಬಡಿದ!

"ಸಪ್ಪಳ ಭಾರಿ ಬಂತಬೇ ಯವ್ವಾ!"

"ಅಯ್ಯ ನನ್ನ ಕರ್ಮವೇ! ಗಡಿಗಿ ಅಂದ್ರ ಹಸುಗೂಸು ಇದ್ದಂಗ. ಕೂಸಿನ್ನ ನೋಡಿದಂಗ ನೋಡಬೇಕಲೇ!"

ಆಯಿತು, ಕೂಸಿನ ಹಾಗೆ ನೋಡಿದ. ಉಳಿದ ಗಡಿಗೆಯನ್ನೆಲ್ಲ ತೊಟ್ಟಿಲಿಗೆ ಹಾಕಿ, ಜೋಗುಳ ಹಾಡಿ, ಜೋರಾಗಿ ತೂಗಿದ. ಒಂದೂ ಉಳಿಯಲಿಲ್ಲ.

ಇವನ ಕೈಗೆ ಮಣ್ಣು ಒಲಿಯುವುದಿಲ್ಲ ಎಂದು ನೀಲವ್ವನಿಗೆ ಗೊತ್ತಾಯಿತು. ತಾನು ಸತ್ತ ಮೇಲೆ ಇವನಿಗೆ ರೊಟ್ಟಿ ಹಾಕುವವರಾರು? ಆ ಚಿಂತೆಗೆ ಅವಳ ನಿದ್ದೆ ಹಾರಿತ್ತು. ಓಣಿಯ ಆಚೆ ನೇಕಾರ ಪರಪ್ಪನ ಮನೆ, ಮನೆತುಂಬ ಕುಣಿಮಗ್ಗ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗ ಅದು. ಮಗನ ಕೈ ಹಿಡಿದುಕೊಂಡು ಅಲ್ಲಿಗೆ ಹೋದಳು.

"ಸಾವಕಾರ್ರ, ನನ್ನ ಮಗನ್ನ ಒಂದು ಮಗ್ಗಕ್ಕ ಕುಂದ್ರಸ್ಕೋರಿ."

ಪರಪ್ಪ ನಕ್ಕ. "ಯವ್ವಾ ನೀಲವ್ವ, ಕುಂಬಾರ ಸೀರಿ ನೇಯ್ದದ್ದನ್ನ ಎಲ್ಲರೆ ಕಂಡೀಯೇನು? ಕುಲಕ್ಕೊಂದು ಕಸುಬು. ಅದು ಮೊದಲಿನಿಂದ ಬಂದದ್ದು."

"ಕುಲಾ ನೋಡಬ್ಯಾಡ್ರಿ, ಹುಡುಗನ್ನ ನೋಡ್ರಿ."

ಹುಡುಗನನ್ನು ನೋಡಿದ ಪರಪ್ಪನಿಗೆ ಇನ್ನಷ್ಟು ನಗು ಬಂತು. ಅವನಿಗೊಂದು ಖಯಾಲಿ ಇತ್ತು. ಮಂಗಳವಾರ ಮಗ್ಗಕ್ಕೆ ಸೂಟಿ ಕೊಟ್ಟು, ಗೆಳೆಯರಾದ ಮಾನಿಂಗ, ಬಾಳಪ್ಪನ ಜೊತೆ ಮೇಜಿನ ಸುತ್ತ ಕೂತು ವೇಷದಾಟ ಆಡುತ್ತಿದ್ದ. ಅವನ ತಮ್ಮ ಪುಣೆಯಿಂದ ತಂದ ಆಟ: ಒಂದು ದಪ್ಪ ಪುಸ್ತಕ, ಇಪ್ಪತ್ತು ಮುಖದ ದಾಳ. ಒಬ್ಬ ಕತೆ ನಡೆಸಬೇಕು, ಉಳಿದವರು ಕತೆಯೊಳಗಿನ ವೇಷಗಳಾಗಬೇಕು. ವೇಷಕ್ಕೆ ಎರಡು ಬೇಕು, ಒಂದು ಕುಲ, ಒಂದು ಕಸುಬು. ಮಾಡಿದ್ದು ಫಲಿಸಿತೋ ಇಲ್ಲವೋ ದಾಳ ಹೇಳುತ್ತದೆ. ಮಾನಿಂಗ ಗಂಧರ್ವ ಕುಲ, ಬಿಲ್ಲುಗಾರ. ಬಾಳಪ್ಪ ಕುಬ್ಜ ಕುಲ, ಕೊಡಲಿ ವೀರ. ಗಂಧರ್ವ ಅಂದರೆ ಬಿಲ್ಲು, ಕುಬ್ಜ ಅಂದರೆ ಕೊಡಲಿ, ದೈತ್ಯ ಅಂದರೆ ಗದೆ. ಬೇರೆ ಉಂಟೆಂದು ಅವರಿಗೆ ಹೊಳೆದದ್ದೇ ಇಲ್ಲ. ಪುಣೆಯಿಂದ ಬಂದ ಆಟಕ್ಕೂ ತಮ್ಮ ಓಣಿಯ ಲೆಕ್ಕವನ್ನೇ ಹಚ್ಚಿ ಆಡುತ್ತಿದ್ದರು.

"ನಮ್ಮ ಆಟಕ್ಕ ಒಬ್ಬ ಕಡಿಮಿ ಬಿದ್ದಾನ" ಅಂದ ಪರಪ್ಪ. "ಮಂಗಳವಾರ ಬರಲಿ. ಆಟ ಮುಗಿಯೂತನಕ ಹೊರಗ ಹಾಕಿಸ್ಕೊಳ್ಳದ ಕುಂತ್ರ, ಮಗ್ಗದ ಮ್ಯಾಲೂ ಕುಂದ್ರಸ್ತೇನಿ. ಮಾತಂದ್ರ ಮಾತು."

ಕುಂದುರುವುದಿಲ್ಲ ಎಂದು ಅವನಿಗೆ ಖಾತ್ರಿಯಿತ್ತು. ಅದಕ್ಕೇ ಅಷ್ಟು ದೊಡ್ಡ ಮಾತು ಕೊಟ್ಟ.

ನೀಲವ್ವ ಮಗನ ತಲೆ ಬಾಚಿ, ಬುದ್ಧಿ ಹೇಳಿ ಕಳಿಸಿದಳು. "ಅವರ ಕಡೆ ಏನಿಲ್ಲ ನೋಡು, ಅದ ನೀ ಆಗು. ಅಂದ್ರ ನಿನ್ನ ಬಿಟ್ಟುಕೊಡೂದಿಲ್ಲ."

ಅಡಿವೆಪ್ಪ ಹೋಗಿ ಕೂತ. ಮೇಜಿನ ಸುತ್ತ ನೋಡಿದ. ಬಿಲ್ಲಿದೆ, ಕೊಡಲಿಯಿದೆ. ಏನಿಲ್ಲ?

"ನಂದು ದೈತ್ಯ ಕುಲ್ರಿ."

"ಭೇಷ್! ಕಸುಬು?"

"ಸೂಲಗಿತ್ತಿ."

ಮಾನಿಂಗನ ಬಾಯೊಳಗಿನ ಚಹಾ ಮೂಗಿಗೆ ಏರಿತು. "ದೈತ್ಯ ಎಲ್ಯಾರ ಹೆರಗಿ ಮಾಡಸ್ತಾನೇನೋ? ಕೈ ನೋಡಿದ್ರ ಬಾಣಂತಿ ಜೀವಾ ಹೋದೀತು!"

"ಪುಸ್ತಕದಾಗ ಬ್ಯಾಡ ಅಂತ ಐತೇನ್ರಿ?"

ಪರಪ್ಪ ಹಾಳೆ ತಿರುವಿದ, ಮತ್ತೆ ತಿರುವಿದ. ಬೇಡ ಅಂತ ಎಲ್ಲೂ ಇರಲಿಲ್ಲ. ಯಾವ ಕುಲಕ್ಕೆ ಯಾವ ಕಸುಬಾದರೂ ಸೈ ಅಂತ ಮೊದಲ ಹಾಳೆಯಲ್ಲೇ ಇತ್ತು. ಇಷ್ಟು ದಿನ ಯಾರೂ ಓದಿರಲಿಲ್ಲ ಅಷ್ಟೇ.

"ಇಲ್ಲಂದ್ರ ನಾ ಸೂಲಗಿತ್ತಿ" ಅಂದ ಅಡಿವೆಪ್ಪ.

ಆಟ ಶುರುವಾಯಿತು. ಗುಡ್ಡದ ಗವಿ. ಗವಿಯ ಬಾಯಲ್ಲಿ ಬೆಂಕಿ ಉಗುಳುವ ಘಟಸರ್ಪ. "ಹೊಟ್ಟೆ ಉಬ್ಬೈತಿ, ಮುಲುಗಾಕತ್ತೈತಿ" ಅಂದ ಪರಪ್ಪ, ಭಯ ಹುಟ್ಟಿಸಲಿಕ್ಕೆ. ಮಾನಿಂಗ ಬಿಲ್ಲು ತೆಗೆದ, ಬಾಳಪ್ಪ ಕೊಡಲಿ ಎತ್ತಿದ. ಅಡಿವೆಪ್ಪ ತೋಳು ಮಡಚಿದ.

"ದೂರ ಸರೀರಿ! ಬಿಸಿನೀರು ತರ್ರಿ! ನೋಯಸ್ಕೋಬ್ಯಾಡಬೇ ತಂಗಿ, ಉಸುರು ಬಿಡು!"

ದಾಳ ಹಾಕಿದ. ಇಪ್ಪತ್ತು ಬಿತ್ತು! ಹೆರಿಗೆ ಸಸೂತ್ರವಾಯಿತು. ಒಂದಿದ್ದ ಘಟಸರ್ಪ ಗವಿತುಂಬ ಆಯಿತು. ಹುಟ್ಟಿದ ಮರಿಗಳು ಹುಟ್ಟಿದ ಕೂಡಲೇ ಸೀನಿದವು, ದೈತ್ಯ ಸೂಲಗಿತ್ತಿ ಸುಟ್ಟು ಬೂದಿಯಾದ. ಮಾನಿಂಗ, ಬಾಳಪ್ಪ ಹೊಳೆಗೆ ಹಾರಿ ಜೀವ ಉಳಿಸಿಕೊಂಡರು.

"ವೈರಿಗೆ ಬಾಣಂತನ ಮಾಡ್ತಾರೇನಲೇ ಪೆದ್ದ?" ಅಂತ ಬಾಳಪ್ಪ ಕೂಗಾಡಿದ. "ಮುಂದ ಯಾರರೆ ಬಂದ್ರ ಕಂಡ ಕೂಡ್ಲೆ ಹೊಡಿ! ತಿಳೀತೇನು?"

"ತಿಳೀತ್ರಿ."

ಹೊರಗೆ ಹಾಕೋಣವೆಂದರೆ ವೇಷ ಸತ್ತಿತ್ತೇ ಹೊರತು ಆಟಗಾರ ಸತ್ತಿರಲಿಲ್ಲ. ಹೊಸ ವೇಷ ಕಟ್ಟಬಹುದೆಂದು ಪುಸ್ತಕದಲ್ಲಿತ್ತು.

ಮನೆಗೆ ಬಂದ ಮಗನ ಕತೆ ಕೇಳಿ ನೀಲವ್ವ ಹಣೆ ಹಣೆ ಬಡಿದುಕೊಂಡಳು. "ಅಷ್ಟು ದೊಡ್ಡಾವ ಆಗಿದ್ದಕ್ಕ ಬೆಂಕಿ ತಗಲತಪಾ. ಸಣ್ಣಾಂವ ಆಗು. ಸಣ್ಣಾಂವ ಇದ್ರೂ ಗಟ್ಟ್ಯಾಂವ ಆಗು."

ಮುಂದಿನ ಮಂಗಳವಾರ ಬಂತು.

"ಕುಲ?"

"ಹೆಬ್ಬಟ್ಟಿನಷ್ಟು ಇರ್ತಾರಲ್ರಿ, ಹೂವಿನಾಗ ಮಲಗವರು, ಆ ಕುಲ."

"ಕಸುಬು?"

"ಕುಸ್ತಿ ಪೈಲ್ವಾನ."

"ಹೆಬ್ಬಟ್ಟಿನಷ್ಟು ಪೈಲ್ವಾನ! ಇರುವಿ ಜೋಡಿ ಕುಸ್ತಿ ಆಡ್ತೀಯೇನು?"

"ಪುಸ್ತಕದಾಗ ಬ್ಯಾಡ ಅಂತ ಐತೇನ್ರಿ?"

ಪರಪ್ಪ ಈ ಸಲ ಹಾಳೆ ತಿರುವಲಿಲ್ಲ. ಹಲ್ಲು ಕಡಿದು ಆಟ ನಡೆಸಿದ. ಕತೆಯಲ್ಲಿ ರಾಜನೇ ಬಂದ. ಘಟಸರ್ಪಗಳನ್ನು ಅಡಗಿಸಲು ಇವರಿಗೆ ಸೈನ್ಯ ಕೊಡುತ್ತೇನೆಂದು, ಕೈಯಲ್ಲಿ ವೀಳ್ಯ ಹಿಡಿದು, ನಗುತ್ತ ಬಂದ. ಮಾನಿಂಗ ಕೈ ಮುಗಿದ, ಬಾಳಪ್ಪ ಕೈ ಮುಗಿದ. ಅಡಿವೆಪ್ಪ ತೊಡೆ ತಟ್ಟಿದ. ಕಂಡ ಕೂಡಲೇ ಹೊಡೆಯಬೇಕಲ್ಲ! ದಾಳ ಹಾಕಿ, ರಾಜನ ಕಾಲ ಕಿರುಬೆರಳಿಗೆ ಡಾವು ಹಾಕಿ, ಸಿಂಹಾಸನದಂಥ ರಾಜನನ್ನು ಅಂಗಾತ ಕೆಡವಿದ.

"ಗೆದ್ದೆ!" ಅಂತ ಕೂಗಿದ ಅಡಿವೆಪ್ಪ.

ಗೆದ್ದನೋ ಇಲ್ಲವೋ, ರಾಜ ಬಿದ್ದದ್ದು ಅವನ ಮೇಲೆಯೇ. ಪೈಲ್ವಾನ ಅಪ್ಪಚ್ಚಿಯಾದ. ಸೈನ್ಯ ಹಿಂದೆ ಹೋಯಿತು.

ಪರಪ್ಪ ಮೇಜು ಗುದ್ದಿದ. "ಮುಂದಿನ ವಾರ ದೆವ್ವ ತುಂಬಿದ ಕ್ವಾಟಿಗೆ ಹೋಗೂದೈತಿ, ದೆವ್ವ ಬಿಡಸಾವ ಒಬ್ಬ ಬೇಕು. ನೀ ಹಿಂಗ ಗದ್ದಲ ಹಾಕಿದ್ರ ಹೆಂಗ? ಒಂದ ಮಾತು ತಲ್ಯಾಗ ಇಟ್ಕೊ. ಯಾವ ಕೆಲಸ ಆದ್ರೂ ಮೊದಲ ತನ್ನ ಮ್ಯಾಲೆ ಮಾಡಿ ನೋಡ್ಕೋಬೇಕು, ಆಮ್ಯಾಲೆ ಮಂದಿ ಮ್ಯಾಲೆ ಮಾಡಬೇಕು. ತಿಳೀತೇನು?"

"ತಿಳೀತ್ರಿ."

ಮನೆಯಲ್ಲಿ ನೀಲವ್ವ ಇನ್ನೊಂದು ಬುದ್ಧಿ ಹೇಳಿದಳು. "ಹೋದ್ಹೋದಲ್ಲಿ ಸಾಯ್ತೀಯಲ್ಲೋ ನನ್ನಪ್ಪಾ. ಸಾಯದಂಥಾದ್ದು ಏನರೆ ಆಗು."

ಸಾಯದಂಥಾದ್ದು ಯಾವುದು? ಆಗಲೇ ಸತ್ತದ್ದು. ಇಷ್ಟು ತಿಳಿಯಲು ಶಾಲೆ ಕಲಿಯಬೇಕೇ?

"ದೆವ್ವದ ಕುಲ" ಅಂದ ಅಡಿವೆಪ್ಪ, ಮಂಗಳವಾರ ಬಂದು ಕೂತವನೇ.

"ಕಸುಬು?"

"ದೆವ್ವ ಬಿಡಸೂದು."

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಬೈಯಲು ಬಾಯಿ ತೆರೆದರು. ಅವನು ಏನು ಕೇಳುತ್ತಾನೆಂದು ನೆನಪಾಗಿ ಮುಚ್ಚಿಕೊಂಡರು.

ಕೋಟೆಯ ಬಾಗಿಲು. ಒಳಗಿಂದ ಊಳಿಡುವ ಸಪ್ಪಳ. "ಮಂತ್ರಾ ಹಾಕಲೇ ಅಡಿವ್ಯಾ!" ಅಂತ ಬಾಳಪ್ಪ ಅವಸರ ಮಾಡಿದ. ಅಡಿವೆಪ್ಪ ಬೇವಿನ ಸೊಪ್ಪು ಹಿಡಿದ. ಯಾವ ಕೆಲಸವಾದರೂ ಮೊದಲು ತನ್ನ ಮೇಲೆ! ತನ್ನ ನೆತ್ತಿಗೇ ಸೊಪ್ಪಿನಿಂದ ಬಡಿದುಕೊಂಡ.

"ಬಿಡತೀಯೋ ಇಲ್ಲೋ?" ಅಂತ ತನ್ನನ್ನೇ ಕೇಳಿದ.

"ಬಿಡೂದಿಲ್ಲ!" ಅಂತ ತಾನೇ ಹೇಳಿದ.

"ಬಿಡತೀಯೋ ಇಲ್ಲೋ!"

"ಬಿಟ್ಟೆ, ಬಿಟ್ಟೆ, ಹೊಡೀಬ್ಯಾಡ್ರಿ!"

ದಾಳ ಇಪ್ಪತ್ತು ತೋರಿಸಿತು. ಊರಲ್ಲಿ ಯಾರೂ ಬಿಡಿಸದಷ್ಟು ಚೆನ್ನಾಗಿ ದೆವ್ವ ಬಿಟ್ಟುಹೋಯಿತು, ಅಂದರೆ ಅಡಿವೆಪ್ಪನ ವೇಷವೇ ಮಾಯವಾಯಿತು. ಕೋಟೆಯೊಳಗಿನ ದೆವ್ವಗಳು ಹೊರಬಂದು ಮಾನಿಂಗ, ಬಾಳಪ್ಪನನ್ನು ಅಟ್ಟಾಡಿಸಿದವು.

ಆ ಸಲ ಪರಪ್ಪ ಎದ್ದೇ ನಿಂತ. "ಸಾಕು! ದೈತ್ಯ ಬ್ಯಾಡ, ದೆವ್ವ ಬ್ಯಾಡ. ಮುಂದಿನ ವಾರ ಮನಷ್ಯಾ ಆಗು, ನೀ ಹೆಂಗಿದ್ದೀ ಹಂಗ ಬಾ. ಇನ್ನೊಂದು ಸಲ ಮಂಗ್ಯಾನಾಟ ಮಾಡಿದ್ಯೋ, ಹೊರಗ! ಮಗ್ಗದ ಮಾತು ಅಲ್ಲಿಗೇ ಮುಗೀತು!"

ಸುದ್ದಿ ನಳದ ಕಟ್ಟೆಗೆ ಮುಟ್ಟಿತು. ಕೊಡ ಹೊತ್ತವರೆಲ್ಲ "ನೀಲವ್ವ, ನಿನ್ನ ಮಗ ತನಗ ತಾನ ದೆವ್ವ ಬಿಡಸ್ಕೊಂಡನಂತ" ಎಂದು ನಕ್ಕರು. ನೀಲವ್ವ ಅರ್ಧ ತುಂಬಿದ ಕೊಡ ಅಲ್ಲೇ ಬಿಟ್ಟು ಮನೆಗೆ ಬಂದು ಅತ್ತಳು. ಅತ್ತು, ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಅವಳಿಗೆ ಸಿಟ್ಟು ಬಂತು. ಮಗನ ಮೇಲಲ್ಲ.

"ಲೇ ಅಡಿವ್ಯಾ, ಇಲ್ಲಿ ಬಾ. ಇನ್ನ ನಾ ಬುದ್ಧಿ ಹೇಳೂದಿಲ್ಲ. ಹೇಳಿದ ಬುದ್ಧಿ ಎಲ್ಲಾ ನಿನಗ ಉಲ್ಟಾ ಹೊಡದೈತಿ. ಒಂದ ಒಂದು ಕೇಳು. ಕುಂತ ಮ್ಯಾಲೆ ಯಾರು ಎಬ್ಬಿಸಿದ್ರೂ ಏಳದಂಗ ಕುಂದ್ರು. ರಾಜಾ ಬರಲಿ, ಘಟಸರ್ಪ ಬರಲಿ, ಆ ಪರಪ್ಪನ ಬರಲಿ. ಏಳದಂಗ ಕುಂದ್ರು!"

"ಏಳದಂಗ" ಅಂದ ಅಡಿವೆಪ್ಪ. ತಲೆಯಲ್ಲಿಟ್ಟುಕೊಂಡ.

ಮಂಗಳವಾರ ಬಂತು. ಕತೆ ಕೊನೆಗೆ ಬಂದಿತ್ತು. ಘಟಸರ್ಪದ ಗವಿಯ ಮುಂದೆ ಮೂವರೂ ನಿಲ್ಲಬೇಕು, ಅಲ್ಲಿಗೆ ಆಟ ಮುಗಿಯಬೇಕು.

"ಕುಲ ಹೇಳು" ಅಂದ ಪರಪ್ಪ.

"ಮನಷ್ಯಾರಿ. ನಾ ಹೆಂಗದೇನೋ ಹಂಗ. ಕುಂಬಾರ."

"ಹಾಂ, ಈಗ ದಾರಿಗೆ ಬಂದಿ. ಕಸುಬು?"

"ನೇಕಾರ."

ಏನು ಗದ್ದಲ ಅಂತೀರಿ! ದೈತ್ಯ ಸೂಲಗಿತ್ತಿಯನ್ನು ಸಹಿಸಿಕೊಂಡವರು, ಹೆಬ್ಬೆಟ್ಟಿನ ಪೈಲ್ವಾನನನ್ನು ನುಂಗಿಕೊಂಡವರು, ದೆವ್ವ ಬಿಡಿಸುವ ದೆವ್ವಕ್ಕೆ ದಾಳ ಕೊಟ್ಟವರು, ಒಮ್ಮೆಲೇ ಮೂವರೂ ಎದ್ದರು.

"ಇದು ಮಾತ್ರ ಆಗೂದಿಲ್ಲ!" ಅಂದ ಮಾನಿಂಗ.

"ನಂಬೂವಂಥಾದ್ದು ಏನರೆ ಹೇಳಲೇ!" ಅಂದ ಬಾಳಪ್ಪ.

"ಪುಸ್ತಕದಾಗ ಬ್ಯಾಡ ಅಂತ ಐತೇನ್ರಿ?" ಅಂದ ಅಡಿವೆಪ್ಪ.

ಪರಪ್ಪ ಪುಸ್ತಕದ ಮೇಲೆ ಅಂಗೈ ಊರಿದ. ತೆಗೆಯಲಿಲ್ಲ. ಮುಖ ಕೆಂಪಗೆ ಮಾಡಿಕೊಂಡು ಕೂಗಿದ. "ಬಾಯಾಗ ಯಾರರೆ ಹೇಳ್ತಾರ! ನೇಕಾರ ಅಂತ, ನೇಕಾರ! ತಾಕತ್ತಿದ್ರ ಮಾಡಿ ತೋರಸು!"

"ತೋರಸ್ತೇನ್ರಿ" ಅಂದ ಅಡಿವೆಪ್ಪ. ಎದ್ದ. ಪಕ್ಕದ ಕೋಣೆಗೆ ಹೋದ. ಅಲ್ಲಿ ಪರಪ್ಪನ ಸ್ವಂತ ಮಗ್ಗ. ಅದರ ಮೇಲೆ ಅವನ ಮಗಳ ಮದುವೆಯ ರೇಷ್ಮೆ ಸೀರೆ ಅರ್ಧ ಆಗಿತ್ತು. ಅಡಿವೆಪ್ಪ ಕುಣಿಗೆ ಕಾಲಿಳಿಬಿಟ್ಟು ಕೂತ. ಕೂತ ಮೇಲೆ ತಾಯಿಯ ಮಾತು ನೆನಪಾಯಿತು. ಏಳದ ಹಾಗೆ ಕುಂದುರುವುದು ಹೇಗೆ? ಉಟ್ಟ ಲುಂಗಿಯ ಚುಂಗು ಎತ್ತಿದ, ಹಾಸಿನ ಉದ್ದೆಳೆಗಳ ನಡುವೆ ತೂರಿಸಿದ, ಎಳೆ ಕೂಡಿಸುವ ಹಲಗೆ ಎಳೆದು ಬಡಿದ. ಲಾಳಿ ಬಿಟ್ಟ, ಬಡಿದ. ಲಾಳಿ ಬಿಟ್ಟ, ಬಡಿದ!

ಖಟ್ ಅಂತ ಸಪ್ಪಳ ಕೇಳಿ ಮೂವರೂ ಓಡಿ ಬಂದರು. ಅಷ್ಟರಲ್ಲಿ ಲುಂಗಿ ರೇಷ್ಮೆಯೊಳಗೆ ಗೇಣುದ್ದ ಕೂಡಿಹೋಗಿತ್ತು. ನೇಯ್ದಷ್ಟೂ ಸೀರೆ ಮಡಿಲ ಮುಂದಿನ ದಿಂಡಿಗೆ ಸುತ್ತುತ್ತದೆ, ಸೀರೆ ಸುತ್ತಿದಷ್ಟೂ ಲುಂಗಿ ಸುತ್ತುತ್ತದೆ, ಲುಂಗಿ ಸುತ್ತಿದಷ್ಟೂ ಅಡಿವೆಪ್ಪ ಮಗ್ಗಕ್ಕೆ ಬಿಗಿಯುತ್ತಾನೆ.

"ಏಳಲೇ!" ಅಂತ ಪರಪ್ಪ ಚೀರಿದ. "ಏಳಲೇ, ಮದವಿ ಸೀರಿ ಅದು!"

"ಬರೂದಿಲ್ರಿ. ಏಳದಂಗ ಕುಂತೇನಿ."

ಬಾಳಪ್ಪ ರಟ್ಟೆ ಹಿಡಿದು ಎಳೆದ. ಅಡಿವೆಪ್ಪ ಎದ್ದರೆ ಸೀರೆ ಏಳುತ್ತಿತ್ತು, ಸೀರೆ ಎದ್ದರೆ ಮಗ್ಗ ಕಿರುಗುಡುತ್ತಿತ್ತು. ಮಾನಿಂಗ ಕತ್ತರಿ ತಂದ. ಪರಪ್ಪ ಕತ್ತರಿಯನ್ನೂ ನೋಡಿದ, ಸೀರೆಯನ್ನೂ ನೋಡಿದ. ಮಗ್ಗದ ಮೇಲಿನ ಮದುವೆ ಸೀರೆಗೆ ಅರ್ಧಕ್ಕೆ ಕತ್ತರಿ ಹಾಕಬಾರದು. ಅದು ಅವರ ಮನೆತನದ ನೇಮ. ಅಜ್ಜ ಹಾಕಿಲ್ಲ, ಮುತ್ತಜ್ಜ ಹಾಕಿಲ್ಲ. ಮಾನಿಂಗನ ಕೈಯಿಂದ ಕತ್ತರಿ ಇಸಿದುಕೊಂಡು ಮಗ್ಗದಿಂದ ದೂರ ಹಿಡಿದ.

ಗದ್ದಲ ಕೇಳಿ ನೀಲವ್ವ ಬಂದಳು. ಮಣ್ಣಿನ ಕೈಯಲ್ಲೇ ಬಂದಳು. ಮಗನನ್ನು ನೋಡಿದಳು, ಲುಂಗಿ ನೋಡಿದಳು. ಇಷ್ಟು ದಿನ ಬಡಿದುಕೊಂಡ ಹಣೆಯನ್ನು ಈ ಸಲ ಬಡಿದುಕೊಳ್ಳಲಿಲ್ಲ. ಪರಪ್ಪನ ಕೈಯಿಂದ ಕತ್ತರಿ ಕಸಿದು ಸೊಂಟಕ್ಕೆ ಸಿಗಿಸಿಕೊಂಡಳು.

"ಸೀರಿ ಮುಗಿಯೂತನಕ ಅಂವ ಏಳಂಗಿಲ್ರಿ ಸಾವಕಾರ್ರ. ರೊಟ್ಟಿ ನಾ ಇಲ್ಲೇ ತಂದು ಕೊಡ್ತೇನಿ. ಕೂಗಾಡಬ್ಯಾಡ್ರಿ, ಎಳಿ ಹೆಂಗ ಹಿಡೀಬೇಕು ತೋರಸ್ರಿ."

"ಅಂವ ಆಟದಿಂದ ಎದ್ದು ಬಂದಾನ! ಸೋತಾನ! ಹೊರಗ ಹಾಕೇನಿ!" ಅಂತ ಪರಪ್ಪ ಹೊಯ್ಕೊಂಡ. "ಅಲ್ಲಿ ಮೇಜಿನ ಮ್ಯಾಲೆ ಘಟಸರ್ಪ ಬಾಯಿ ತಕ್ಕೊಂಡು ನಿಂತೈತಿ! ದಾಳಾ ಹಾಕಾವ ಯಾರು?"

ಅಡಿವೆಪ್ಪ ತಲೆ ಎತ್ತಲಿಲ್ಲ. ಲಾಳಿ ಬಿಟ್ಟ, ಬಡಿದ.

"ನೀವ ಹಾಕ್ರಿ" ಅಂದ. "ನನಗ ಕೈ ಬಿಡುವಿಲ್ಲ."