ಅಳಿಸವ್ವನ ಹೊಂಡ

ಹಿರೇಸಿಂದಗೇರಿಯ ಬಸ್ ನಿಲ್ದಾಣದಿಂದ ಮೂಡಣಕ್ಕೆ ಕೂಗಳತೆಯ ದೂರ ನಡೆದರೆ, ಹೆಣ್ಣುಮಕ್ಕಳ ಸರಕಾರಿ ಶಾಲೆಯ ಹಿಂದೆ ಒಂದು ಹೊಂಡ ಸಿಗುತ್ತದೆ. ಮೂರು ಕಡೆ ಕರಿಕಲ್ಲಿನ ಗೋಡೆ, ಒಂದು ಕಡೆ ಹನ್ನೆರಡು ಮೆಟ್ಟಿಲು, ಎದುರು ಗೋಡೆಯಾಚೆ ಒಂದು ಮುದಿ ಬೇವಿನ ಮರ. ಇದಕ್ಕೆ ಅಳಿಸವ್ವನ ಹೊಂಡ ಎಂದು ಹೆಸರು. ಅಮಾವಾಸ್ಯೆ ಬಂತೆಂದರೆ ಸಾಕು, ಎಲ್ಲೆಲ್ಲಿಂದಲೋ ಜನ ಬಂದು ಮೆಟ್ಟಿಲುಗಳಿಗೆ ಕುಂಕುಮ ಬಳಿದು, ಕಾಯಿ ಒಡೆದು ಹೋಗುತ್ತಾರೆ. ಅಳಿಸವ್ವ ಎಂಬ ದೇವಿ ಕೆಟ್ಟ ಹಣೆಬರಹವನ್ನು ಅಳಿಸುತ್ತಾಳೆ ಎಂದು ಯಾರೋ ಇವರ ಕಿವಿಯಲ್ಲಿ ಊದಿದ್ದಾರೆ. ಊರಿನ ಯುವಕ ಸಂಘದವರಂತೂ 'ಹಣೆಬರಹ ಅಳಿಸುವ ಮಹಾತಾಯಿ' ಎಂದು ಬಣ್ಣದ ಬೋರ್ಡನ್ನೇ ನೆಟ್ಟಿದ್ದಾರೆ. ಆ ಶಾಲೆಯಲ್ಲಿ ಮೂವತ್ತೊಂದು ವರ್ಷ ಅಕ್ಕೋರಾಗಿ ಕಲಿಸಿದವಳು ನಾನು. ಅದು ದೇವಿಯಲ್ಲ ಮಹಾರಾಯರೇ ಎಂದು ಹೇಳಿ ಹೇಳಿ ನನ್ನ ಗಂಟಲು ಬತ್ತಿಹೋಗಿದೆ. ಬಾಯಿಮಾತು ಯಾರಿಗೂ ಬೇಡವಾದ್ದರಿಂದ ಬರೆದಿಡುತ್ತಿದ್ದೇನೆ.

ಹಿಂದೆ ಒಮ್ಮೆ, ಬ್ರಿಟಿಷ್ ರಾಣಿಯ ಸರಕಾರ ಬಂದು ಮೂವತ್ತು ವರ್ಷ ಕಳೆದಿದ್ದ ಕಾಲದಲ್ಲಿ, ತುಳಸಾಬಾಯಿ ಎಂಬ ಇಪ್ಪತ್ತಾರರ ಹೆಂಗಸು ಧಾರವಾಡದಲ್ಲಿ ಕಲಿತು, ಹುಡುಗಿಯರ ಶಾಲೆ ತೆರೆಯಬೇಕೆಂದು ಈ ಊರಿಗೆ ಬಂದರಂತೆ. ಊರೆಂದರೆ ಆಗ ವಾಡೆಯ ಜಡೆಪ್ಪ ದೇಸಾಯರು ಹೇಳಿದ್ದೇ ಮಾತು. ಹೆಣ್ಣು ಅಕ್ಷರ ಮುಟ್ಟಿದರೆ ಗಂಡನ ಆಯಸ್ಸು ತೀರುತ್ತದೆ ಎಂದು ಅವರು ನಂಬಿದ್ದರು. ಅವರು ನಂಬಿದ್ದನ್ನು ಊರೂ ನಂಬಿತ್ತು. ಶಾಲೆಗೆ ಯಾರೂ ಒಂದು ಪಡಸಾಲೆ ಕೊಡಲಿಲ್ಲ, ದನದ ಕೊಟ್ಟಿಗೆಯನ್ನೂ ಕೊಡಲಿಲ್ಲ. ತುಳಸಾಬಾಯಿಯವರು ಎರಡು ತಿಂಗಳು ಮನೆಮನೆಗೆ ಅಲೆದು ಚಪ್ಪಲಿ ಸವೆಸಿದರು. ಮೂರನೆಯ ತಿಂಗಳು ಅಲೆಯುವುದನ್ನು ಬಿಟ್ಟು, ಬೆಳಗಾದರೆ ಕೊಡ ಹಿಡಿದು ಎಲ್ಲರಂತೆ ಹೊಂಡಕ್ಕೆ ಹೋಗತೊಡಗಿದರು.

ಅದಕ್ಕೆ ಕಾರಣವಿತ್ತು. ಹೊತ್ತು ಹುಟ್ಟಿದಾಗಿನಿಂದ ಮಠದ ಮಧ್ಯಾಹ್ನದ ಗಂಟೆ ಬಾರಿಸುವವರೆಗೆ ಈ ಹೊಂಡ ಹೆಂಗಸರದು. ಅಷ್ಟು ಹೊತ್ತು ಯಾವ ಗಂಡಸೂ ಬೇವಿನ ಮರದಿಂದ ಇತ್ತ ಕಾಲಿಡಬಾರದೆಂದು ದೇಸಾಯರ ಅಜ್ಜನೇ ಆಣೆ ಹಾಕಿ ಹೋಗಿದ್ದ. ನೀರು ಮುಟ್ಟುವ ಮೊದಲು ಮೆಟ್ಟಿಲಿನ ಮೇಲೆ ಗಂಗವ್ವನಿಗೆ ರಂಗೋಲಿ ಹಾಕುವುದೂ ಇಲ್ಲಿಯ ಪದ್ಧತಿ. ತುಳಸಾಬಾಯಿಯವರು ರಂಗೋಲಿ ಬಟ್ಟಲು ಹಿಡಿದು ಕೂತು, ಬಳ್ಳಿಯ ನಡುವೆ ಒಂದು 'ಅ', ಹೂವಿನ ಪಕ್ಕ ಒಂದು 'ಆ' ಬಿಡಿಸತೊಡಗಿದರು. ನೀರಿಗೆ ಬಂದ ಹುಡುಗಿಯರು ನೋಡಿದರು, ಕೇಳಿದರು, ತಾವೂ ಬಿಡಿಸಿದರು. ಸುದ್ದಿ ವಾಡೆಗೆ ಮುಟ್ಟಿ ದೇಸಾಯರು ಉರಿದುಬಿದ್ದರು. ಆದರೆ ಮಾಡುವುದೇನು? ಅಜ್ಜನ ಆಣೆ ಮುರಿದು ತಾವು ಹೋಗುವಂತಿಲ್ಲ. ಹುಡುಗಿಯರನ್ನು ಹೊಂಡಕ್ಕೆ ಕಳಿಸಬೇಡಿ ಎಂದರೆ ನೀರು ಹೊರುವವರು ಯಾರು? ಗಂಡಸರು ಕೊಡ ಹೊರುವ ಮಾತಂತೂ ಅಂದೂ ಇರಲಿಲ್ಲ, ಇಂದೂ ಇಲ್ಲ.

ಕೊನೆಗೆ ದೇಸಾಯರು ತಮ್ಮ ಸೋದರತ್ತೆ ನೀಲಗಂಗವ್ವನನ್ನು ಕಾವಲಿಗೆ ಕೂರಿಸಿದರು. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡು, ಬೋಳು ಹಣೆಯಲ್ಲಿ ವಾಡೆಯ ಅಡುಗೆಮನೆ ಕಾಯುತ್ತ ಅರವತ್ತಾರು ದಾಟಿದ್ದ ಮುದುಕಿ, ಮಹಾ ಸಿಡುಕಿ. ಅಕ್ಷರ ಕಂಡರೆ ನೀರು ಸುರಿದು ಅಳಿಸಬೇಕು, ರಂಗೋಲಿಯನ್ನು ಮಾತ್ರ ಮುಟ್ಟಬಾರದು, ಹಸಿ ರಂಗೋಲಿ ಅಳಿಸಿದರೆ ಗಂಗವ್ವ ಮುನಿಯುತ್ತಾಳೆ ಎಂದು ಅಪ್ಪಣೆಯಾಯಿತು. "ಯಾವುದು ಅಕ್ಷರ, ಯಾವುದು ರಂಗೋಲಿ ಅಂತ ನನಗರ ಏನ್ ತಿಳೀತೈತಿ, ಜಡೆಪ್ಪ?" ಎಂದು ಆಕೆ ಕೇಳಿದಳಂತೆ. ಆಗ ದೇಸಾಯರು ಮಾಡಿದ ಕೆಲಸವನ್ನು ನೆನೆದರೆ ನನಗೆ ಇಂದಿಗೂ ಹಣೆ ಚಚ್ಚಿಕೊಳ್ಳಬೇಕು ಎನ್ನಿಸುತ್ತದೆ. ಅವರು ಒಂದು ದೊಡ್ಡ ಹಾಳೆಯ ಮೇಲೆ ಕಾಗುಣಿತ ಸಮೇತ ಎಲ್ಲ ಅಕ್ಷರಗಳನ್ನೂ ದುಂಡಗೆ ಬರೆದು, ಒಂದೊಂದನ್ನೂ ಓದಿ ಹೇಳಿ, "ಇಂಥಾವು ಕಂಡ್ರ ಅಳಿಸು ಅತ್ತಿ" ಎಂದು ಕೈಗೆ ಕೊಟ್ಟರು!

ನೀಲಗಂಗವ್ವ ಹಾಳೆ ಹಿಡಿದು ಮೆಟ್ಟಿಲ ತುದಿಯಲ್ಲಿ ಕೂತಳು. ಒಂದು ಕಣ್ಣು ಹಾಳೆಯ ಮೇಲೆ, ಇನ್ನೊಂದು ರಂಗೋಲಿಯ ಮೇಲೆ. ಅಕ್ಷರ ಸಿಕ್ಕಿತೋ, ಅದರ ಮೇಲಷ್ಟೇ ಬೊಗಸೆ ನೀರು ಸುರಿದು ಮುಗಿಸುತ್ತಿದ್ದಳು. ಹುಡುಗಿಯರು ಬೆನ್ನ ಹಿಂದೆ ಅಳಿಸವ್ವ ಎಂದು ಕರೆದರು. ತುಳಸಾಬಾಯಿಯವರಿಗೆ ರೋಸಿಹೋಯಿತು. ಕಲಿಸಿದ್ದು ಕಲ್ಲಿನ ಮೇಲೆ ಅರೆಗಳಿಗೆ ನಿಲ್ಲುತ್ತಿರಲಿಲ್ಲ. ಒಂದು ದಿನ ಸಿಟ್ಟು ತಡೆಯಲಾರದೆ, "ಅವ್ವಾರ, ನಿಮಗ ಸಾಕಾಗೂದಿಲ್ಲೇನ್ರಿ?" ಎಂದೇಬಿಟ್ಟರು. ಮುದುಕಿ ಪಕ್ಕದ ಹುಡುಗಿಯ ಕಡೆ ತಿರುಗಿ, "ಅದೇನ 'ಗ' ಅದು? ಕಾಲು ಮುರಕೊಂಡ ಕುರಿ ಹಂಗ ನಿಂತೈತಿ. ನೆಟ್ಟಗ ಬರಿ, ಅಳಿಸಾಕರ ಚಂದ ಇರಬೇಕು" ಎಂದು ಗದರಿದಳು. ತುಳಸಾಬಾಯಿಯವರು ಅಂದು ಮನೆಗೆ ಹೋಗುವಾಗ ಒಬ್ಬರೇ ನಕ್ಕರು ಎನ್ನುತ್ತಾರೆ.

ಎಂಟು ತಿಂಗಳು ಹೀಗೇ ನಡೆದ ಮೇಲೆ, ಶಾಲೆಗಳನ್ನು ತಪಾಸಣೆ ಮಾಡುವ ಡೆಪ್ಯುಟಿ ಸಾಹೇಬರಿಂದ ಪತ್ರ ಬಂತು. ತಮ್ಮ ಕಣ್ಣೆದುರು ಹನ್ನೆರಡು ಮಂದಿ ತಮ್ಮ ಹೆಸರು ಬರೆದು ತೋರಿಸಿದರೆ ಶಾಲೆ ಮಂಜೂರು. ಒಬ್ಬರು ಕಡಿಮೆಯಾದರೂ ತುಳಸಾಬಾಯಿಯವರು ಊರು ಬಿಡಬೇಕು, ಮತ್ತೆ ಇಲ್ಲಿ ಶಾಲೆಯ ಮಾತಿಲ್ಲ. ಹುಡುಗಿಯರು ಹೊಂಡ ಬಿಟ್ಟು ಹೊರಗೆ ಬಂದು ಬರೆಯುವಂತಿಲ್ಲ, ಸಾಹೇಬರು ಹೊಂಡಕ್ಕೆ ಇಳಿಯುವಂತಿಲ್ಲ. ಅದಕ್ಕೆ ತುಳಸಾಬಾಯಿಯವರೇ ದಾರಿ ಹುಡುಕಿದರು. ಸಾಹೇಬರು ಬೇವಿನ ಮರದ ಕೆಳಗೆ ದುರ್ಬೀನು ಹಿಡಿದು ನಿಲ್ಲುವುದು. ಹುಡುಗಿಯರು ಒಬ್ಬೊಬ್ಬರು ಒಂದೊಂದು ಮೆಟ್ಟಿಲಿನ ಎದುರು ಮುಖದ ಮೇಲೆ ಸುಣ್ಣದಿಂದ ಹೆಸರು ಬರೆಯುವುದು. ಹುಡುಗಿಯರು ಸರಿಯಾಗಿ ಹನ್ನೆರಡು ಮಂದಿ ಇದ್ದರು. ಆ ಲೆಕ್ಕ ದೇಸಾಯರಿಗೂ ಗೊತ್ತಿತ್ತು. ಹಿಂದಿನ ದಿನವೇ ಅವರು ಶಾವಂತ್ರವ್ವ ಎಂಬ ಹುಡುಗಿಯ ತಂದೆಗೆ ಹೇಳಿಸಿ, ಅವಳನ್ನು ಸೋದರಮಾವನ ಊರಿಗೆ ಗಾಡಿ ಹತ್ತಿಸಿಬಿಟ್ಟಿದ್ದರು.

ಬೇಸಿಗೆಯಾದ್ದರಿಂದ ಹೊಂಡದ ನೀರು ಕೊನೆಯ ಮೆಟ್ಟಿಲಿಗಿಂತ ಕೆಳಗೆ ಇಳಿದಿತ್ತು. ಮರುದಿನ ಬೆಳಿಗ್ಗೆ ಬಿಸಿಲು ಮೆಟ್ಟಿಲಿನ ಮೇಲೆ ಬಿದ್ದಾಗ ಸಾಹೇಬರು ದುರ್ಬೀನು ಎತ್ತಿದರು. ದೇಸಾಯರು ಪಕ್ಕದಲ್ಲೇ ಮೀಸೆ ತೀಡುತ್ತ ನಿಂತಿದ್ದರು. ಒಂದೊಂದೇ ಹೆಸರು ಬೆಳ್ಳಗೆ ಮೂಡಿತು. ಹನ್ನೊಂದಕ್ಕೆ ನಿಂತಿತು. ತುಳಸಾಬಾಯಿಯವರು ಸುಣ್ಣದ ಗಡಿಗೆ ಹಿಡಿದು ಕೊನೆಯ ಮೆಟ್ಟಿಲನ್ನೇ ನೋಡುತ್ತ ನಿಂತರು. ಕಣ್ಣಲ್ಲಿ ನೀರು ತುಂಬಿತ್ತು. ಆಗ ನೀಲಗಂಗವ್ವ ಗೊಣಗುತ್ತ ಎದ್ದು, ಅವರ ಕೈಯಿಂದ ಗಡಿಗೆ ಕಿತ್ತುಕೊಂಡು, ಮೊಣಕಾಲುದ್ದ ನೀರಿಗಿಳಿದು, ಕೊನೆಯ ಮೆಟ್ಟಿಲಿಗೆ ಮುಖಮಾಡಿ ಬರೆಯತೊಡಗಿದಳು. "ಅತ್ತೀ, ಏನ್ ಮಾಡಾಕತ್ತಿ? ಅಳಿಸಂದ್ರ ಬರೀತಿಯೇನು?" ಎಂದು ದೇಸಾಯರು ಆಚೆಯಿಂದ ಅರಚಿದರು. ಬರೆದು ಮುಗಿಸುವವರೆಗೆ ಆಕೆ ತಿರುಗಲಿಲ್ಲ. ಆಮೇಲೆ ನೀರಿನಲ್ಲೇ ನಿಂತು ಹೇಳಿದ ಮಾತು ನಾಲ್ಕೂ ಕಡೆ ಕೇಳಿಸಿತು.

"ಹೆಂಗಸು ಅಕ್ಷರ ಮುಟ್ಟಿದ್ರ ಗಂಡ ಸಾಯ್ತಾನಂತ ಅಂದ್ರಿ. ನನ್ನ ಗಂಡ ಸತ್ತಾಗ ನಾ ಯಾವ ಅಕ್ಷರ ಮುಟ್ಟಿದ್ದೆ, ಜಡೆಪ್ಪ?"

ದೇಸಾಯರು ಮುಂದಕ್ಕೆ ಒಂದು ಹೆಜ್ಜೆ ಎತ್ತಿದರು. ಇತ್ತ ಬರಲು ಅಜ್ಜನ ಆಣೆ ಬಿಡಲಿಲ್ಲ. ಸಾಹೇಬರು ಹನ್ನೆರಡನೆಯ ಹೆಸರನ್ನು ಗಟ್ಟಿಯಾಗಿ ಓದಿ, ಈಕೆಗೆ ಕಲಿಸಿದವರು ಯಾರು ಎಂದು ಕೇಳಿದರು. "ಅರ್ಧ ನಾನು, ಇನ್ನರ್ಧ ದೇಸಾಯರು" ಎಂದರು ತುಳಸಾಬಾಯಿ. ಪತ್ರದಲ್ಲಿ ವಯಸ್ಸಿನ ಮಾತೇ ಇರಲಿಲ್ಲವಾದ್ದರಿಂದ ಶಾಲೆ ಮಂಜೂರಾಯಿತು. ಗಾಡಿ ಹತ್ತಿಸಿದ್ದ ಶಾವಂತ್ರವ್ವನನ್ನು ಕರೆತರಲು ಮುದುಕಿಯೇ ಹೋದಳಂತೆ. ಆ ಶಾವಂತ್ರವ್ವ ನನ್ನ ಅಜ್ಜಿಯ ತಾಯಿ.

ತುಳಸಾಬಾಯಿಯವರು ಸುಣ್ಣ ಅಳಿಯುವ ಮೊದಲೇ ಕಲ್ಲುಕುಟಿಗನನ್ನು ಕರೆಸಿ ಆ ಹೆಸರುಗಳನ್ನು ಕೊರೆಸಿದರು. ತಮ್ಮ ಹೆಸರನ್ನು ಮಾತ್ರ ಎಲ್ಲಿಯೂ ಕೊರೆಸಲಿಲ್ಲ. ಹನ್ನೆರಡೂ ಹೆಸರುಗಳು ಇಂದಿಗೂ ಇವೆ. ಕೊನೆಯದು ಬೇಸಿಗೆಯಲ್ಲಿ ನೀರು ಇಳಿದಾಗ ಮಾತ್ರ ಕಾಣುತ್ತದೆ. ಗೇಣುದ್ದದ ಸೊಟ್ಟ ಅಕ್ಷರಗಳು. ಬಂದವರು ಅದರ ಮೇಲೆಯೇ ಕುಂಕುಮ ಸುರಿದು, ಇದು ಯಾವ ದೇವಿಯ ಮಂತ್ರ ಎಂದು ನನ್ನನ್ನು ಕೇಳುತ್ತಾರೆ. ಓದಲು ಬರುತ್ತದಲ್ಲ, ಓದಿ ಎಂದರೆ ಕೈಮುಗಿದು ಹೋಗುತ್ತಾರೆ. ಪ್ರತಿ ಅಮಾವಾಸ್ಯೆಯ ಮರುದಿನ ನಾನು ತೆಂಗಿನ ನಾರು ಹಿಡಿದು, ಬೈದುಕೊಳ್ಳುತ್ತಲೇ ಮೆಟ್ಟಿಲು ತಿಕ್ಕುತ್ತೇನೆ. ಹನ್ನೊಂದನ್ನು ಪೂರ್ತಿ ತೊಳೆಯುತ್ತೇನೆ. ಹನ್ನೆರಡನೆಯದು ನೀರಿನಿಂದ ಮೇಲೆದ್ದಾಗ ಅಕ್ಷರಗಳನ್ನಷ್ಟೇ ತೊಳೆದು, ಸುತ್ತಲಿನ ಕುಂಕುಮವನ್ನು ಹಾಗೆಯೇ ಬಿಡುತ್ತೇನೆ. ಐವತ್ತು ವರ್ಷ ಆ ಬೋಳು ಹಣೆಗೆ ಯಾರೂ ಅದನ್ನು ಇಟ್ಟಿರಲಿಲ್ಲ.