ಬೀರುವಿನಲ್ಲಿ ಕೂತ ಬೆಳಕಿನ ರಿಮೋಟು

ಸಕ್ಕರೆ ಕಾರ್ಖಾನೆಯ ಸ್ಟೋರಿನಲ್ಲಿ ಮೂವತ್ತೊಂದು ವರ್ಷ ಸಾಮಾನು ಕಾದು ನಿವೃತ್ತರಾದ ಚನ್ನಂಕೇಗೌಡರದು ಒಂದೇ ಕಟ್ಟುನಿಟ್ಟು. ಹಳೆಯದು ಪೂರ್ತಿ ಕೈಕೊಡುವ ತನಕ ಹೊಸದು ಆಚೆ ಬರಕೂಡದು. ಕಾರ್ಖಾನೆಯಲ್ಲಿ ಸವೆದ ಬೋಲ್ಟನ್ನು ತಂದು ಮೇಜಿನ ಮೇಲಿಟ್ಟರೆ ಮಾತ್ರ ಹೊಸ ಬೋಲ್ಟು ಸಿಗುತ್ತಿತ್ತು. ಅಲ್ಲಿಗೆ ಅದು ಸರಿಯೇ. ಗೌಡರು ಆ ರೂಲನ್ನು ಮನೆಗೂ ಹೊತ್ತು ತಂದರು ನೋಡಿ, ಅಲ್ಲಾಯಿತು ಎಡವಟ್ಟು.

ಹೆಂಡತಿ ಸಾಕಮ್ಮನಿಗೆ ಸಂಜೆಯಾದರೆ ಕಣ್ಣು ಮಂಜು. ರಿಮೋಟಿನ ಅಂಕಿ ಕಾಣುವುದಿಲ್ಲ. ಚಾನೆಲ್ ಬದಲಿಸಬೇಕೆಂದರೆ ಪ್ರತಿಸಲವೂ "ಏನೂಂದ್ರೆ, ಒಸಿ ಬನ್ನಿ" ಎಂದು ಗಂಡನನ್ನು ಕೂಗಬೇಕು. ಅದಕ್ಕೇ ಮಗಳು ಜಯಶೀಲಾ ಯುಗಾದಿಗೆ ಬಂದಾಗ ಹೊಸ ಬಗೆಯ ರಿಮೋಟು ತಂದುಕೊಟ್ಟಳು. ಮುಟ್ಟಿದರೆ ಸಾಕು, ಗುಂಡಿಗಳೆಲ್ಲ ಒಳಗಿಂದ ಬೆಳಗುತ್ತವೆ. ಸೆಲ್ಲು ಹಾಕುವ ಗೋಜಿಲ್ಲ, ಮೊಬೈಲಿನ ಹಾಗೆ ಚಾರ್ಜಿಗೆ ಹಾಕಿದರಾಯಿತು.

ಮಗಳು ಬಸ್ಸು ಹತ್ತಿದ್ದೇ ತಡ, ಗೌಡರು ರಿಮೋಟಿಗೆ ಒಂದು ಪ್ಲಾಸ್ಟಿಕ್ ಕವರು ಹಾಕಿದರು. ಅದರ ಮೇಲೆ ಇನ್ನೊಂದು ಕವರು. ಮೇಲೊಂದು ದಾರ ಸುತ್ತಿ, 'ಹೊಸದು' ಎಂದು ಚೀಟಿ ಅಂಟಿಸಿ, ಬೀರುವಿನಲ್ಲಿಟ್ಟು ಬೀಗ ಜಡಿದರು.

"ಅಲ್ಲಾ ಕನ್ರೀ, ಮಗಳು ತಂದಿದ್ದು ನನ್ನ ಕಣ್ಣಿಗೆ ಕಾಣ್ಲಿ ಅಂತ. ಬೀರುಗೇನು ಕಣ್ಣು ಮಂಜಾ?" ಅಂದಳು ಸಾಕಮ್ಮ.

"ಹಳೇದು ಇನ್ನೂ ಉಸಿರಾಡ್ತಾ ಅದೆ ಕನಮ್ಮಿ. ಅದು ಹೋಗ್ಲಿ, ತೆಗೆಯುವಾ" ಅಂದರು ಗೌಡರು.

ಉಸಿರಾಟವೇನೋ ಇತ್ತು. ರಬ್ಬರ್ ಬ್ಯಾಂಡ್ ಸುತ್ತಿಕೊಂಡು, ಅಂಗೈಗೆ ನಾಲ್ಕು ಬಾರಿಸಿದರೆ ಒಂದು ಸಲ ಕೆಲಸ ಮಾಡುತ್ತಿತ್ತು. ಹೀಗೇ ವರ್ಷ ಉರುಳಿತು.

ಸಾಕಮ್ಮ ಬೀದಿಯ ಮದುವೆಗಳಲ್ಲಿ ಸೋಬಾನೆ ಹಾಡು ಹೇಳುವವಳು. ಒಂದು ದಿನ ಊರಿನ ಕೇಬಲ್ ಚಾನೆಲಿನವರು ಬಂದು ಅವಳನ್ನೂ ಅವಳ ಜೊತೆಗಾತಿಯರನ್ನೂ ಕೂರಿಸಿ ಹಾಡಿಸಿ ರೆಕಾರ್ಡ್ ಮಾಡಿಕೊಂಡು ಹೋದರು. "ಭಾನುವಾರ ಸಂಜೆ ಆರೂವರೆಗೆ ಬರುತ್ತೆ, ಒಂದೇ ಸಲ" ಅಂದಿದ್ದರು. ಸಾಕಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅರವತ್ತನಾಲ್ಕು ವರ್ಷಕ್ಕೆ ಮೊದಲ ಸಲ ತಾನು ಹಾಡುವುದನ್ನು ತಾನೇ ನೋಡುವ ಆಸೆ.

ಭಾನುವಾರ ಆರು ಗಂಟೆಗೇ ಜೊತೆಗಾತಿಯರೆಲ್ಲ ಬಂದು ಹಜಾರದಲ್ಲಿ ಕೂತರು. ಇನ್ನೇನು ಆರೂವರೆ ಆಗಬೇಕು ಅನ್ನುವಾಗ ಗೌಡರು ಗತ್ತಿನಿಂದ ಹಳೆಯ ರಿಮೋಟು ಎತ್ತಿ ಅಂಗೈಗೆ ನಾಲ್ಕು ಬಾರಿಸಿದರು. ಊಹೂಂ. ಎಂಟು ಬಾರಿಸಿದರು. ಟಿವಿಯಲ್ಲಿ ಯಾವುದೋ ಕುಸ್ತಿ ನಡೆದೇ ಇತ್ತು. ಸಿಟ್ಟಿನಲ್ಲಿ ಕುರ್ಚಿಯ ಕೈಗೆ ಬಡಿದರು ನೋಡಿ, ರಿಮೋಟು ಎರಡು ಹೋಳು! ಆ ಟಿವಿಗೋ ಒಂದೇ ಗುಂಡಿ. ಅದು ಹಚ್ಚುವುದಕ್ಕೆ, ಆರಿಸುವುದಕ್ಕೆ ಮಾತ್ರ.

"ಗಾಬರಿಯಾಗಬೇಡಿ. ಇಂಥ ಹೊತ್ತಿಗೇ ಅಂತ ಇಟ್ಟಿದ್ದು!" ಎಂದು ಗೌಡರು ಬೀರು ತೆಗೆದರು. ದಾರ ಬಿಚ್ಚಿದರು, ಒಂದು ಕವರು ಕಿತ್ತರು, ಇನ್ನೊಂದು ಕವರು ಕಿತ್ತರು. ಫಳಫಳ ಹೊಳೆಯುವ ರಿಮೋಟು ಹೊರಬಂತು. ಗುಂಡಿ ಒತ್ತಿದರು. ಬೆಳಕೇ ಇಲ್ಲ. ಇನ್ನೊಂದು ಒತ್ತಿದರು. ಅದೂ ಕಪ್ಪು.

"ಅಯ್ಯೋ ಗೌಡ್ರೇ, ಚಾರ್ಜಿಗೆ ಹಾಕಿದ್ರಾ?" ಅಂದಳು ಪಕ್ಕದ ಮನೆ ಬೋರಮ್ಮ.

ವರ್ಷದಿಂದ ಒಮ್ಮೆಯೂ ಹಾಕಿರಲಿಲ್ಲ. ಗಡಿಬಿಡಿಯಲ್ಲಿ ವೈರು ಹುಡುಕಿ ಸಿಕ್ಕಿಸಿದರು. ಹತ್ತು ನಿಮಿಷ ಕಾದರೂ ಅದು ಎಚ್ಚರಾಗುವಂತೆ ಕಾಣಲಿಲ್ಲ. ಎಲ್ಲರೂ ದಬದಬ ಎದ್ದು ಬೋರಮ್ಮನ ಮನೆಗೆ ಓಡಿದರು. ಬೀಗ ತೆಗೆದು ಟಿವಿ ಹಚ್ಚುವಷ್ಟರಲ್ಲಿ ಹಾಡು ಮುಗಿದು ಕೊಬ್ಬರಿ ಎಣ್ಣೆಯ ಜಾಹೀರಾತು ಬರುತ್ತಿತ್ತು.

ಗೌಡರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. "ತಪ್ಪಾಯ್ತು ಕನಮ್ಮಿ. ನಿನ್ನ ಆಸೆಗೆ ನಾನೇ ಬೀಗ ಹಾಕ್ಬುಟ್ಟೆ" ಅಂದರು.

ಸಾಕಮ್ಮನ ಕಣ್ಣಲ್ಲಿ ನೀರಿತ್ತು. ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಗಂಡನ ಪೆಚ್ಚು ಮೋರೆ ನೋಡಿ ಅವಳಿಗೇ ನಗು ಬಂತು. "ಹೋಗ್ಲಿ ಬುಡಿ. ಹಾಡು ಹೋಯ್ತು, ಹಾಡೋಳು ಇಲ್ಲೇ ಇದ್ದೀನಲ್ಲ!" ಎಂದವಳೇ ಬೋರಮ್ಮನ ಜಗಲಿಯ ಮೇಲೆ ಕೂತು ದನಿ ತೆಗೆದಳು. ಜೊತೆಗಾತಿಯರು ಸೊಲ್ಲು ಕೂಡಿಸಿದರು. ಬೀದಿಯಲ್ಲಿ ಹೋಗುವವರೂ ನಿಂತರು.

ಗೌಡರು ಬಾಯಿಬಿಟ್ಟುಕೊಂಡು ಕೇಳಿದರು. ಮದುವೆಯಾಗಿ ನಲವತ್ತಮೂರು ವರ್ಷ. ಊರವರೆಲ್ಲ ಕೇಳಿದ್ದ ಆ ದನಿಯನ್ನು ಅವರು ಒಮ್ಮೆಯೂ ಎದುರಿಗೆ ಕೂತು ಕೇಳಿರಲಿಲ್ಲ. ಮನೆಯಲ್ಲೇ ಇದ್ದಾಳಲ್ಲ, ಎಂದಾದರೂ ಕೇಳಿದರಾಯಿತು ಎಂದುಕೊಂಡಿದ್ದರು. ರಿಮೋಟಿನದು ಒಂದು ವರ್ಷದ ತಪ್ಪು, ಇದು ನಲವತ್ತಮೂರು ವರ್ಷದ್ದು ಅನ್ನಿಸಿತು ಅವರಿಗೆ.

ರಾತ್ರಿಯಿಡೀ ಚಾರ್ಜಿಗಿಟ್ಟ ಮೇಲೆ ರಿಮೋಟಿಗೆ ಜೀವ ಬಂತು. ಮಾರನೆಯ ದಿನದಿಂದ ಆ ಬೆಳಗುವ ರಿಮೋಟು ಸಾಕಮ್ಮನ ಮಡಿಲಲ್ಲೇ ಇರುತ್ತದೆ. ಬೇಕಾದ ಚಾನೆಲನ್ನು ಅವಳೇ ಒತ್ತಿಕೊಳ್ಳುತ್ತಾಳೆ. ಆದರೆ ಏಳು ಗಂಟೆಗೆ ಗೌಡರು ಬಂದು ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ.

"ಟಿವಿ ಆರ್ಸಮ್ಮಿ. ಇವತ್ತು ಯಾವ ಹಾಡು?"

ನೀತಿ: ಬಳಸದೆ ಬಚ್ಚಿಡುವುದು ಜೋಪಾನವಲ್ಲ. ವಸ್ತುವಾಗಲಿ, ಮನುಷ್ಯರಾಗಲಿ, ಕೈಗೆಟುಕುವಾಗಲೇ ಅವರ ಬೆಳಕನ್ನು ಕಾಣಬೇಕು.