ಹೊನ್ನವ್ವನ ಅರಗಿನ ಮುದ್ರೆ

"ಕೇಳಿರಪ್ಪೋ ಕೇಳಿ! ರಾಜಕುಮಾರಿಯ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಮೇಲೊಂದು ವರ. ಒಂದು ತಪ್ಪಿದರೂ ತಲೆ!"

ಡಂಗುರ ಸಾರಿತು. ಆ ರಾಜ್ಯದಲ್ಲಿ ಅರ್ಧವೆಂದರೆ ಬರೀ ಬಂಡೆ. ಆದರೂ ಜನ ಸಾಲುಗಟ್ಟಿದರು.

ಸಾಲಿನ ಕೊನೆಯಲ್ಲಿ ಕೋಟೆಯ ದೀಪಗಳಿಗೆ ಎಣ್ಣೆ ಹೊಯ್ಯುವ ಬೀರ ನಿಂತಿದ್ದ. ಅವನಿಗೆ ಬಂಡೆ ಬೇಕಿರಲಿಲ್ಲ, ವರ ಬೇಕಿತ್ತು: ಸೆರೆಮನೆ ಸೇರಿದ್ದ ಹೊನ್ನವ್ವನ ಬಿಡುಗಡೆ.

ಹೊನ್ನವ್ವ ಕುರುಡಿ. ಹೆಬ್ಬಾಗಿಲಲ್ಲಿ ಕೂತಿರುತ್ತಿದ್ದಳು. ಬಂದವರು ತಂತಮ್ಮ ಗುಟ್ಟಿನ ಮಾತನ್ನು ಅವಳ ಕಿವಿಯಲ್ಲಿ ಉಸುರಿದರೆ ಆಳು ಯಾರೆಂದು ಗುರುತಿಸಿ ಅರಗಿನ ಮುದ್ರೆ ಕೈಗಿಡುತ್ತಿದ್ದಳು. ಲಾಯ, ಆಯುಧಶಾಲೆ, ಬೊಕ್ಕಸದ ಕಾವಲಿನವರು ಮುದ್ರೆ ನೋಡಿ ಒಳಗೆ ಬಿಡುತ್ತಿದ್ದರು, ಗುಟ್ಟಿನ ಮಾತೇನೆಂದು ಕೇಳುತ್ತಿರಲಿಲ್ಲ. ಆಮೇಲೆ ಕೋಟೆಯ ಹಿಂದುಗಡೆ ಹೊಸ ಕಣಜ ಎದ್ದಿತು. ಅದರ ಕಾವಲುಗಾರ ಬಲು ಉಪಕಾರಿ.

"ಎಣ್ಣೆ ಕೊಡ ಹೊತ್ತು ಅಷ್ಟು ದೂರ ಹೆಬ್ಬಾಗಿಲಿಗೆ ಯಾಕೋ ಸುತ್ತುತೀಯ? ಮಾತು ನನಗೆ ಹೇಳು, ಮುದ್ರೆ ನಾನೇ ತಂದಿಡ್ತೀನಿ" ಅಂದ.

ಬೀರ ಹೇಳಿದ. ಕಣಜದವನು ಅದನ್ನೇ ಹೊನ್ನವ್ವನ ಕಿವಿಯಲ್ಲಿ ಉಸುರಿದ. ಪಿಸುಮಾತಿನಲ್ಲಿ ಎಲ್ಲರ ದನಿಯೂ ಒಂದೇ. ಸ್ವಲ್ಪ ದಿನಕ್ಕೆ ಬೊಕ್ಕಸ ಬರಿದಾಯಿತು, ಉಪಕಾರಿ ಗಡಿ ದಾಟಿದ. ಕುರುಡಿ ಕಳ್ಳನಿಗೆ ಮುದ್ರೆ ಕೊಟ್ಟಳೆಂದು ರಾಜ ಹೊನ್ನವ್ವನನ್ನು ಹಿಡಿಸಿದ. ಯಾರ ಮಾತಿಗೆ ಕೊಟ್ಟೆ ಎಂದರೆ ಅವಳು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ಬೀರನ ತಲೆ ಅಂದೇ ಉರುಳುತ್ತಿತ್ತು.

ರಾಜಕುಮಾರಿ ಹೊನ್ನವ್ವನ ಮಡಿಲಲ್ಲಿ ಬೆಳೆದವಳು. ಮೂರು ಒಗಟನ್ನೂ ಒಟ್ಟಿಗೇ ಇಟ್ಟಳು: "ಎಲ್ಲ ಬಾಗಿಲೂ ಅವಳನ್ನು ನಂಬುತ್ತವೆ, ಅವಳು ಯಾವ ಬಾಗಿಲನ್ನೂ ತೆರೆಯುವುದಿಲ್ಲ, ಯಾರು? ಬೆಳಗ್ಗೆ ಹುಟ್ಟಿ ಸಂಜೆ ಸಾಯುತ್ತದೆ, ಕದ್ದವನಿಗೆ ನಾಳೆಗೆ ದಕ್ಕುವುದಿಲ್ಲ, ಏನು? ಒಬ್ಬರಿಗೆ ಕೊಟ್ಟರೂ ನನ್ನದೇ, ಇನ್ನೊಬ್ಬರಿಗೆ ಕೊಟ್ಟರೆ ನನ್ನದಲ್ಲ, ಏನು?"

ಪಾಳೆಗಾರನ ಮಗ "ಲಕ್ಷ್ಮಿ" ಎಂದು ಮೊದಲನೆಯದರಲ್ಲೇ ತಲೆ ಕಳೆದುಕೊಂಡ. ಆಸ್ಥಾನದ ಕವಿ "ಭೂದೇವಿ, ದಾಸವಾಳ, ಮನಸ್ಸು" ಎಂದ. ಮನಸ್ಸು ಎಂದಾಗ ಸಭೆ ನಿಟ್ಟುಸಿರಿಟ್ಟಿತು. ತಲೆ ಹೇಗೂ ಹೋಯಿತು.

ಬೀರ ಬಂದ. "ಎಣ್ಣೆ ಚೆಲ್ಲೀಯೋ" ಎಂದು ಯಾರೋ ಅಣಕಿಸಿದರು.

"ಮೊದಲನೆಯದು ಹೊನ್ನವ್ವ, ಅಮ್ಮಣ್ಣಿ. ಅವಳು ಇಂಥವನೇ ಅಂತ ಹೇಳೋಳು, ಬಾಗಿಲು ತೆಗೆಯೋದು ಕಾವಲಿನವರು. ಎರಡನೆಯದು ಅರಗಿನ ಮುದ್ರೆ, ಹೊತ್ತು ಮುಳುಗಿದರೆ ಅದಕ್ಕೆ ಬೆಲೆಯಿಲ್ಲ. ಮೂರನೆಯದು ಗುಟ್ಟಿನ ಮಾತು. ಅವಳಿಗೊಬ್ಬಳಿಗೆ ಹೇಳಬೇಕಿತ್ತು. ನಾನು ಕಣಜದವನಿಗೂ ಹೇಳಿದೆ. ಕಳ್ಳ ತಂದದ್ದು ನನ್ನ ಮಾತು."

ರಾಜಕುಮಾರಿ ತಲೆಯಾಡಿಸಿದಳು. ಮೂರೂ ಸರಿ.

"ವರ ಕೇಳು" ಎಂದ ರಾಜ.

"ಹೊನ್ನವ್ವನನ್ನು ಬಿಡಿ, ಬುದ್ಧಿ."

ರಾಜ ಉಂಗುರ ತಿರುಗಿಸಿದ. "ಅವಳ ಕತೆ ಹೋದ ಅಮಾವಾಸ್ಯೆಗೇ ಮುಗೀತಲ್ಲಪ್ಪ."

ರಾಜಕುಮಾರಿ ಅಪ್ಪನ ಕಡೆ ತಿರುಗಿದಳು. ಅವಳಿಗೂ ಯಾರೂ ಹೇಳಿರಲಿಲ್ಲ.

ಒಗಟು ಬಿಡಿಸಿದವನ ತಲೆ ತೆಗೆಯುವಂತಿರಲಿಲ್ಲ, ರಾಜ ಮಾತಿಗೆ ತಪ್ಪುವವನಲ್ಲ. ಅರ್ಧ ರಾಜ್ಯ ಬೀರನದಾಯಿತು. ಅದರಲ್ಲಿ ಹೆಬ್ಬಾಗಿಲೂ ಸೇರಿತ್ತು. ಹೊನ್ನವ್ವ ಕೂರುತ್ತಿದ್ದ ಕಲ್ಲಿನ ಮೇಲೆ ಈಗ ಅವನೇ ಕೂತು ಅರಗು ಕಾಯಿಸುತ್ತಾನೆ. ಅವಸರದವರು ದೂರದಿಂದಲೇ ಮಾತು ಕೂಗಿದರೆ, "ಹತ್ತಿರ ಬಾರಪ್ಪ, ಕಿವಿಗೆ ಹೇಳು" ಎನ್ನುತ್ತಾನೆ.

"ನಿನಗೆ ಕಣ್ಣು ಕಾಣ್ತದಲ್ಲ ದೊರೆ, ನಾನೇ ಅಂತ ಗೊತ್ತಾಗಲ್ವ?" ಎಂದು ಜನ ಗೊಣಗುತ್ತಾರೆ.

ಬೀರ ಕಣ್ಣು ಮುಚ್ಚಿ ಕಿವಿ ಕೊಡುತ್ತಾನೆ.